ತಾರೀಖು ಮೊದಲು, ‘ಬ್ರೀಚ್’ ಆಮೇಲೆ

ಗದಗ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಸ್ಟಾಫ್ ನರ್ಸ್. ಬಸುರಿಯರ ತಪಾಸಣೆ ಮತ್ತು ಹೆರಿಗೆ ಕೋಣೆ, ಇವೆರಡೇ ನನ್ನ ಕೆಲಸದ ಮುಕ್ಕಾಲು ಪಾಲು. ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ಅವತ್ತು ನಮ್ಮಲ್ಲಿ ಬೆಂಚು ಸಾಲುವುದಿಲ್ಲ. ಹಳ್ಳಿಗಳಿಂದ, ತಾಂಡಾಗಳಿಂದ ಆಶಾ ಕಾರ್ಯಕರ್ತೆಯರ ಜೊತೆ ಬಂದವರು ಹೊರಗಿನ ಕಟ್ಟೆ ಮೇಲೆ, ಬೇವಿನ ಮರದ ಬುಡದಲ್ಲಿ ಕೂತಿರುತ್ತಾರೆ. ಎಲ್ಲರ ಕೈಯಲ್ಲೂ ತಾಯಿ ಕಾರ್ಡು, ಅದರೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಸ್ಕ್ಯಾನಿಂಗ್ ರಿಪೋರ್ಟು. ರಕ್ತ ಎಷ್ಟಿದೆ, ಬಿಪಿ ಎಷ್ಟಿದೆ ಅಂತ ಕೇಳುವವರು ಕಡಿಮೆ. (ಅದನ್ನೇ ಕೇಳಬೇಕು ಅನ್ನುವುದು ನನ್ನ ಆಸೆ.) ಎಲ್ಲರದ್ದೂ ಒಂದೇ ಪ್ರಶ್ನೆ: “ಸಿಸ್ಟರ್, ಕೂಸು ಸರಿ ಐತಿಲ್ರಿ? ಅಡ್ಡ ಇಲ್ಲಲ್ರಿ?”

ಇದಕ್ಕೆ ಹೌದು, ಇಲ್ಲ ಅಂತ ಒಂದು ಮಾತಲ್ಲಿ ಉತ್ತರ ಕೊಡಲು ಬರುವುದಿಲ್ಲ. ಎಷ್ಟನೇ ವಾರ ಅನ್ನುವುದು ಗೊತ್ತಾಗದೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಿಸ್ಟರ್ ಒಬ್ಬರು ರಿಪೋರ್ಟು ಓದುವುದನ್ನು ಹೀಗೆ ಕಲಿಸಿದ್ದರು: ಮೊದಲು ತಾರೀಖಿನ ಮೇಲೆ ಬೆರಳಿಡು, ಆಮೇಲೆ ವಾರದ ಅಂಕಿಯ ಮೇಲೆ, ಆಮೇಲಷ್ಟೇ ಕೂಸು ಹೇಗಿದೆ ಅಂತ ಬರೆದ ಸಾಲಿಗೆ ಬಾ. ಆಗ ಅದು ಸುಮ್ನೆ ಶಿಸ್ತಿನ ಮಾತು ಅನ್ನಿಸಿತ್ತು. ಈಗ ನಾನು ತರಬೇತಿಗೆ ಬರುವ ಹುಡುಗಿಯರಿಗೆ ಹೇಳಿಕೊಡುವ ಮೊದಲ ಪಾಠ ಅದೇ.

ಯಾಕೆ ಅಂತ ಹೇಳುತ್ತೇನೆ. ಮೂರು ತಿಂಗಳು ತುಂಬುವ ಹೊತ್ತಿಗೆ ಕೂಸು ತಲೆಯಿಂದ ಕುಂಡೆಯವರೆಗೆ ಎರಡು, ಎರಡೂವರೆ ಇಂಚು ಅಷ್ಟೇ. ಸುತ್ತಲೂ ನೀರು, ಬೇಕಾದಷ್ಟು ಜಾಗ. ಅದು ಮಗುಚುತ್ತದೆ, ಲಾಗ ಹಾಕುತ್ತದೆ, ಕೈಕಾಲು ಆಡಿಸುತ್ತದೆ. ತಾಯಿಗೆ ಇದು ಗೊತ್ತೇ ಆಗುವುದಿಲ್ಲ. ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ ಮೊದಲ ಮಿಸುಕಾಟ ತಿಳಿಯುತ್ತದೆ. ಎರಡನೆಯ ಸಲದವರಿಗೆ ಸ್ವಲ್ಪ ಮೊದಲೇ. 20ನೇ ವಾರದಲ್ಲೂ ಅದರ ತೂಕ ಸುಮಾರು 300 ಗ್ರಾಂ ಅಷ್ಟೇ. ಬೆಳಿಗ್ಗೆ ತಲೆ ಮೇಲಿದ್ದದ್ದು ಮಧ್ಯಾಹ್ನ ಅಡ್ಡ, ರಾತ್ರಿ ತಲೆ ಕೆಳಗೆ. ಸ್ಕ್ಯಾನಿಂಗ್ ಮಾಡಿದ ಹೊತ್ತಲ್ಲಿ ಹೇಗಿತ್ತೋ ಹಾಗೆ ರಿಪೋರ್ಟಿನಲ್ಲಿ ಬರೆಯುತ್ತಾರೆ. ತಾಯಿ ಆಟೋ ಹತ್ತಿ ಊರು ಮುಟ್ಟುವ ಮೊದಲೇ ಆ ಸಾಲು ಹಳೆಯದಾಗಿರಬಹುದು.

28ನೇ ವಾರದಲ್ಲಿ, ಅಂದರೆ ಆರು ತುಂಬಿ ಏಳರಲ್ಲಿ ಬಿದ್ದಾಗ, ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಕೂಸುಗಳು ಕುಂಡೆ ಕೆಳಗೆ ಮಾಡಿಕೊಂಡೇ ಇರುತ್ತವೆ. ಅದನ್ನೇ ಬ್ರೀಚ್ ಅನ್ನುವುದು. ದಿನ ತುಂಬುವ ಹೊತ್ತಿಗೆ ಆ ಲೆಕ್ಕ ನೂರಕ್ಕೆ ಮೂರೋ ನಾಲ್ಕೋ ಆಗಿರುತ್ತದೆ. ಉಳಿದವೆಲ್ಲ ಯಾರ ಕೈಯೂ ತಾಗದೆ ತಾವೇ ಹೊರಳಿರುತ್ತವೆ.

ತಲೆ ಭಾರ, ಅದಕ್ಕೇ ಕೆಳಗೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟೇ ಆಗಿದ್ದರೆ ನಾಲ್ಕನೇ ತಿಂಗಳಲ್ಲೇ ಎಲ್ಲ ಕೂಸುಗಳೂ ತಲೆಕೆಳಗಾಗಿ ನಿಲ್ಲಬೇಕಿತ್ತು. ಆಗ ದೇಹಕ್ಕೆ ಹೋಲಿಸಿದರೆ ತಲೆ ಇನ್ನೂ ದೊಡ್ಡದು ಅಲ್ವಾ? ಮುಖ್ಯ ಕಾರಣ ಗರ್ಭಕೋಶದ ಆಕಾರ. ಅದು ಮೇಲೆ ಅಗಲ, ಕೆಳಗೆ ಕಿರಿದು. ಏಳೆಂಟನೇ ತಿಂಗಳು ದಾಟಿದ ಮೇಲೆ ಕುಂಡೆ ಮತ್ತು ಮಡಚಿದ ಎರಡು ಕಾಲು ಸೇರಿದ ಗಂಟು ತಲೆಗಿಂತ ಜಾಸ್ತಿ ಜಾಗ ಕೇಳುತ್ತದೆ. ಜೊತೆಗೆ ಕೂಸು ಬೆಳೆದಂತೆ ಅದರ ಪಾಲಿಗೆ ನೀರಿನ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಒದೆಯುತ್ತಾ ಒದೆಯುತ್ತಾ, ಕಾಲಿಗೆ ಜಾಗ ಸಿಗುವ ಅಗಲದ ಕಡೆಗೆ ಅದು ಹೊರಳುತ್ತದೆ. ಒಮ್ಮೆ ತಲೆ ಕೆಳಗಿನ ಕಿರಿದಿನಲ್ಲಿ ಕೂತರೆ ವಾಪಸ್ ಹೊರಳಲು ಜಾಗ ಸಾಲುವುದಿಲ್ಲ. ದಿನ ತುಂಬದೆ ಹುಟ್ಟುವ ಕೂಸುಗಳಲ್ಲಿ ಬ್ರೀಚ್ ಹೆಚ್ಚು ಕಾಣುವುದು ಇದಕ್ಕೇ. ಅವಕ್ಕೆ ಹೊರಳುವ ಸಮಯವೇ ಸಿಕ್ಕಿರುವುದಿಲ್ಲ.

ಒಂಬತ್ತರಲ್ಲೂ ಹೊರಳದಿದ್ದರೆ ಆಗ ಕಾರಣ ಹುಡುಕಬೇಕು. ಮಾಸು ಕೆಳಗೆ ಅಂಟಿಕೊಂಡಿರಬಹುದು. ಗರ್ಭಕೋಶದ ನಡುವೆ ಪರದೆ ಇರಬಹುದು, ಗಡ್ಡೆ ಇರಬಹುದು. ನೀರು ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಇರಬಹುದು. ಅವಳಿ ಇರಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ.

ಬೆಟಗೇರಿಗೆ ಮದುವೆಯಾಗಿ ಹೋದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ತವರಿಗೆ ಬಂದಿದ್ದಳು. ಗಂಡನ ಮನೆಯಲ್ಲಿ ಮಗ್ಗ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಯಾರೋ “ಕೂಸು ಉಲ್ಟಾ ಐತಿ” ಅಂದುಬಿಟ್ಟಿದ್ದರು, ಅದಕ್ಕೆ ಹಿಂದೆ ಮುಂದೆ ಏನೂ ವಿವರಣೆ ಇಲ್ಲ. ಅಷ್ಟಕ್ಕೇ ಮನೆಯಲ್ಲಿ ಎಲ್ಲ ತೀರ್ಮಾನ ಆಗಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇ ತಪ್ಪು, ಇನ್ನು ಮಗ್ಗ ಮುಟ್ಟಬಾರದು, ಸಿಜರಿನ್ ಗ್ಯಾರಂಟಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ದುಡ್ಡು ಹೊಂದಿಸಬೇಕು. ಅವಳ ತಾಯಿ ನನ್ನ ಮುಂದೆ ರಿಪೋರ್ಟು ಹಿಡಿದಾಗ ಕೈ ನಡುಗುತ್ತಿತ್ತು. ನಾನು ತಾರೀಖಿನ ಮೇಲೆ ಬೆರಳಿಟ್ಟೆ. ವಾರದ ಅಂಕಿ 20. ಆ ರಿಪೋರ್ಟಿನಲ್ಲಿ ನೋಡಬೇಕಾದ ಸಾಲುಗಳು ಬೇರೆ ಇದ್ದವು: ಹೃದಯ, ಬೆನ್ನುಹುರಿ, ಕಿಡ್ನಿ ಸರಿ ಇದ್ದವು, ಮಾಸು ಮೇಲಿತ್ತು. ಐದನೇ ತಿಂಗಳ ಸ್ಕ್ಯಾನಿಂಗ್ ಮಾಡಿಸುವುದೇ ಅವುಗಳಿಗಾಗಿ. ಯಾರೂ ಆ ಸಾಲುಗಳನ್ನು ಓದಿ ಹೇಳಿರಲಿಲ್ಲ. ಅವಳಿಗೆ ನಾನು ಹೇಳಿದ್ದಿಷ್ಟೇ: ಈ ಪದವನ್ನು ಈಗ ಮರೆತುಬಿಡು, ಒಂಬತ್ತರಲ್ಲಿ ಬಿದ್ದ ವಾರವೇ ಬಾ, ಆಗ ಇಬ್ಬರೂ ಸೇರಿ ಚಿಂತೆ ಮಾಡೋಣ. ಮಗ್ಗದ ಕೆಲಸಕ್ಕೂ ಕೂಸು ಹೊರಳುವುದಕ್ಕೂ ಸಂಬಂಧ ಇಲ್ಲ ಅಂತಲೂ ಹೇಳಿದೆ. ಬೆನ್ನು ನೋವು ಬರುವಷ್ಟು ಹೊತ್ತು ಕೂರಬೇಡ ಅನ್ನುವುದು ಬೇರೆ ಮಾತು.

ಇಂಥ ನಂಬಿಕೆಗಳು ನಮ್ಮ ಕಡೆ ಬಹಳ. ಹಗ್ಗ ದಾಟಬಾರದು, ಕರುಳು ಕೂಸಿನ ಕೊರಳಿಗೆ ಸುತ್ತುತ್ತದೆ. ಮಗ್ಗುಲು ಬದಲಿಸುವಾಗ ಎದ್ದು ಕೂತು ಆಮೇಲೆ ಹೊರಳಬೇಕು, ಇಲ್ಲವಾದರೆ ಕೂಸು ಅಡ್ಡ ಬೀಳುತ್ತದೆ. ನಾನು ಎಲ್ಲದರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಎದ್ದು ಕೂತು ಮಗ್ಗುಲಾದರೆ ಯಾರಿಗೂ ನಷ್ಟ ಇಲ್ಲ, ನಿದ್ದೆ ಸ್ವಲ್ಪ ಕೆಡುತ್ತದೆ ಅಷ್ಟೇ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಳ್ಳುವುದು ನಾಲ್ಕೈದು ಹೆರಿಗೆಗೆ ಒಂದರಲ್ಲಾದರೂ ಕಾಣುತ್ತದೆ, ಹೆಚ್ಚಿನ ಸಲ ತಲೆ ಬಂದ ಕೂಡಲೇ ಬೆರಳಿಂದ ಬಿಡಿಸುತ್ತೇವೆ, ಮುಗಿಯಿತು. ಮಲಗುವುದರಲ್ಲಿ ನಿಜವಾಗಿ ನೆನಪಿಡಬೇಕಾದ್ದು ಒಂದೇ: ಏಳರಲ್ಲಿ ಬಿದ್ದ ಮೇಲೆ ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ. ತುಂಬಿದ ಗರ್ಭಕೋಶ ಬೆನ್ನ ಕಡೆ ಇರುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ತಾಯಿಗೆ ತಲೆಸುತ್ತು ಬರುತ್ತದೆ, ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ.

ಇನ್ನೊಂದು ಪ್ರಶ್ನೆ ಅಜ್ಜಿಯರದ್ದು. “ಬಲಕ್ಕೆ ಜಾಸ್ತಿ ಒದಿತೈತಿ, ಗಂಡೇನ್ರಿ?” ಕೂಸಿನ ಬೆನ್ನು ಎಡಕ್ಕಿದ್ದರೆ ಕೈಕಾಲು ಬಲಕ್ಕಿರುತ್ತವೆ, ಅದಕ್ಕೆ ಬಲಕ್ಕೆ ಒದೆಯುತ್ತದೆ. ಅದರಲ್ಲಿ ಗಂಡು ಹೆಣ್ಣಿನ ಮಾತೇ ಇಲ್ಲ. ಅದು ಗೊತ್ತಿದ್ದವರೂ ಹೇಳುವಂತಿಲ್ಲ, 1994ರ ಕಾಯ್ದೆ ಇದೆ ಅಂತ ಗೋಡೆಯ ಮೇಲಿನ ಬೋರ್ಡು ತೋರಿಸುತ್ತೇನೆ.

ಇನ್ನು ಕೈಯ ಕೆಲಸಕ್ಕೆ ಬರೋಣ. ನಮ್ಮ ಕೇಂದ್ರದಲ್ಲಿ ಸ್ಕ್ಯಾನಿಂಗ್ ಯಂತ್ರ ಇಲ್ಲ. ಕೂಸು ಹೇಗಿದೆ ಅಂತ ನೋಡಲು ನಮಗಿರುವುದು ಎರಡು ಕೈ, ಒಂದು ಟೇಪು, ಕೂಸಿನ ಎದೆಬಡಿತ ಕೇಳಿಸುವ ಒಂದು ಡಾಪ್ಲರ್. ನಾಲ್ಕು ಹಂತದ ಆ ಕೈ ಪರೀಕ್ಷೆಯನ್ನು 1890ರ ದಶಕದಲ್ಲಿ ಜರ್ಮನಿಯ ಲಿಯೋಪೋಲ್ಡ್ ಅನ್ನುವ ವೈದ್ಯರು ಬರೆದಿಟ್ಟರು, ಇವತ್ತಿಗೂ ಅದೇ ನಡೆಯುತ್ತಿದೆ.

ಮೊದಲು ಮೂತ್ರ ಮಾಡಿ ಬರಲು ಹೇಳುತ್ತೇನೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ತುಂಬಿದ ಮೂತ್ರಚೀಲ ಇದ್ದರೆ ಕೆಳಗೆ ಏನು ಸಿಗುತ್ತಿದೆ ಅಂತ ಹೇಳುವುದು ಕಷ್ಟ. ಆಮೇಲೆ ಮೊಣಕಾಲು ಸ್ವಲ್ಪ ಮಡಚಿಸಿ ಮಲಗಿಸಿ, ನನ್ನ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯುತ್ತದೆ, ಮತ್ತೆ ಏನೂ ಸಿಗುವುದಿಲ್ಲ. ಮುಟ್ಟುವ ಮೊದಲು ಒಂದು ಕ್ಷಣ ಸುಮ್ಮನೆ ನೋಡಬೇಕು. ಹೊಟ್ಟೆ ಉದ್ದಕ್ಕೆ ಮೊಟ್ಟೆಯಾಕಾರದಲ್ಲಿದ್ದರೆ ಒಳ್ಳೆಯ ಲಕ್ಷಣ. ಅಗಲಕ್ಕೆ ಹರಡಿಕೊಂಡು, ಎತ್ತರ ಇರಬೇಕಾದ್ದಕ್ಕಿಂತ ಕಡಿಮೆ ಕಂಡರೆ ಕೂಸು ಅಡ್ಡ ಇದೆಯೇನೋ ಅಂತ ಕಣ್ಣೇ ಹೇಳುತ್ತದೆ. ಹೊಕ್ಕುಳ ಮಟ್ಟಕ್ಕೆ ಗರ್ಭಕೋಶ ಬರುವುದು ಸುಮಾರು 20ನೇ ವಾರಕ್ಕೆ, ಎದೆಗೂಡಿನ ತುದಿ ಮುಟ್ಟುವುದು 36ಕ್ಕೆ. ನಡುವಿನ ತಿಂಗಳುಗಳಲ್ಲಿ ಟೇಪಿನ ಸೆಂಟಿಮೀಟರ್ ಮತ್ತು ವಾರದ ಅಂಕಿ ಹೆಚ್ಚು ಕಡಿಮೆ ಒಂದೇ ಇರುತ್ತವೆ.

ಮೊದಲು ಎರಡೂ ಅಂಗೈ ಹೊಟ್ಟೆಯ ಮೇಲ್ತುದಿಗೆ. ಅಲ್ಲಿ ಮೆತ್ತಗೆ, ಅಗಲವಾಗಿ, ಅಲುಗಿಸಿದರೆ ಇಡೀ ಮೈ ಜೊತೆಗೆ ಸರಿದರೆ ಅದು ಕುಂಡೆ. ಗುಂಡಗೆ, ಗಟ್ಟಿಯಾಗಿದ್ದರೆ ಅದು ತಲೆ. ತಲೆಗೆ ಒಂದು ಗುರುತು ಇದೆ. ಬಕೆಟ್ ನೀರಿನಲ್ಲಿ ತೇಲುವ ಸುಲಿದ ತೆಂಗಿನಕಾಯಿಯನ್ನು ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಮತ್ತೆ ಬಂದು ಬೆರಳಿಗೆ ತಾಗುತ್ತದಲ್ಲ, ಹಾಗೆ. ಕೊರಳು ಬಾಗುವುದರಿಂದ ತಲೆ ಒಂದೇ ಅಲುಗಾಡುತ್ತದೆ, ಮೈ ಅಲುಗಾಡುವುದಿಲ್ಲ. ಎರಡನೆಯದು ಪಕ್ಕ. ಒಂದು ಕಡೆ ಒಂದೇ ಸಮನೆ ಗಟ್ಟಿ ಹಲಗೆಯಂತೆ ಸಿಕ್ಕರೆ ಬೆನ್ನು, ಇನ್ನೊಂದು ಕಡೆ ಅಲ್ಲಲ್ಲಿ ಗುಬುಟು ಸಿಕ್ಕರೆ ಮೊಣಕಾಲು, ಮೊಣಕೈ, ಹಿಮ್ಮಡಿ. ಕೆಲವೊಮ್ಮೆ ಕೈಯಿಟ್ಟಲ್ಲೇ ಒದೆ ಬೀಳುತ್ತದೆ, ಆಗ ತಾಯಿಯೂ ನಗುತ್ತಾಳೆ. ಮೂರನೆಯದು ಮತ್ತು ನಾಲ್ಕನೆಯದು ಕೆಳಗೆ. ಅಲ್ಲಿ ಇರುವುದೇನು, ಅದು ಇನ್ನೂ ತೇಲುತ್ತಿದೆಯಾ, ಇಳಿದಿದೆಯಾ. ತಲೆಯ ಎಷ್ಟು ಭಾಗ ಇನ್ನೂ ಮೇಲೆ ಸಿಗುತ್ತಿದೆ ಅಂತ ಬೆರಳಿನ ಅಗಲದಲ್ಲಿ ಅಳೆಯುತ್ತೇವೆ. ಐದು ಬೆರಳೂ ಸಿಕ್ಕರೆ ತಲೆ ಇನ್ನೂ ಪೂರ್ತಿ ಮೇಲಿದೆ. ಎರಡೇ ಸಿಕ್ಕರೆ ಇಳಿದು ಕೂತಿದೆ.

ಕೊನೆಗೆ ಡಾಪ್ಲರ್. ಎದೆಬಡಿತ ಹೊಕ್ಕುಳಿನ ಕೆಳಗೆ ಚೆನ್ನಾಗಿ ಕೇಳಿದರೆ ತಲೆ ಕೆಳಗಿದೆ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಹೊಕ್ಕುಳಿನ ಮೇಲೆ ಚೆನ್ನಾಗಿ ಕೇಳಿದರೆ ನಾನು ಮತ್ತೊಮ್ಮೆ ಮೊದಲಿನಿಂದ ಕೈಯಿಟ್ಟು ನೋಡುತ್ತೇನೆ.

ತಾಯಿಯ ಮಾತೂ ಒಂದು ಪರೀಕ್ಷೆಯೇ. “ಒದೆ ಎಲ್ಲಿ ಬೀಳತೈತಿ?” ಅಂತ ಕೇಳುತ್ತೇನೆ. ಪಕ್ಕೆಲುಬಿನ ಕೆಳಗೆ ಬೀಳುತ್ತಿದ್ದರೆ ಕಾಲು ಮೇಲಿವೆ. ಕೆಳಗೆ ಒದ್ದು ಒದ್ದು ಮೂತ್ರಕ್ಕೆ ಓಡಿಸುತ್ತಿದೆ, ಮೇಲೆ ಗಟ್ಟಿ ಗುಂಡು ಚುಚ್ಚುತ್ತಿದೆ ಅಂದರೆ ಅನುಮಾನ ಬರಬೇಕು. ಇಲ್ಲಿ ಒಂದು ಮಾತು ಜೋರಾಗಿ ಹೇಳುತ್ತೇನೆ. ಒಂಬತ್ತರಲ್ಲಿ ಜಾಗ ಕಡಿಮೆ, ಅದಕ್ಕೆ ಕೂಸು ಆಡುವುದು ಕಡಿಮೆಯಾಗುತ್ತದೆ ಅಂತ ಊರಲ್ಲೆಲ್ಲ ಹೇಳುತ್ತಾರೆ. ಇದು ತಪ್ಪು. ಆಟದ ರೀತಿ ಬದಲಾಗುತ್ತದೆ, ಜಿಗಿತ ಹೋಗಿ ಹೊರಳಾಟ ಬರುತ್ತದೆ. ಆದರೆ ಆಡುವುದು ಕಡಿಮೆಯಾಗಬಾರದು. ನಿನ್ನೆಗಿಂತ ಇವತ್ತು ಕಡಿಮೆ ಅನ್ನಿಸಿದರೆ ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಬರಬೇಕು, ರಾತ್ರಿಯಾದರೂ ಸರಿ.

ಈಗ ನಾನು ಈ ಕೆಲಸದಲ್ಲಿ ಕಂಡುಕೊಂಡ ಮುಖ್ಯ ವಿಷಯ. 36ನೇ ವಾರ ಎಲ್ಲಕ್ಕಿಂತ ದೊಡ್ಡ ವಾರ. ಅದಕ್ಕೆ ಮೊದಲು ಬ್ರೀಚ್ ಇದ್ದರೆ ಕಾಯಬಹುದು. ಅದರ ನಂತರ ಸುಮ್ಮನೆ ಕಾದರೆ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ನಮ್ಮ ಕಡೆ ತೊಂದರೆ ಏನೆಂದರೆ, ಆ ವಾರವೇ ಹೆಣ್ಣುಮಗಳು ದಾರಿಯಲ್ಲಿರುತ್ತಾಳೆ. ಏಳರಲ್ಲೋ ಒಂಬತ್ತರಲ್ಲೋ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬುವುದು, ಎಲ್ಲ ಆಗಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತಾರೆ. ಗಂಡನ ಊರಿನ ಆಶಾ “ತವರಿಗೆ ಹೋದಳು” ಅಂತ ಬರೆದುಕೊಳ್ಳುತ್ತಾಳೆ. ತವರೂರಿನ ಆಶಾಗೆ ಇವಳು ಬಂದದ್ದೇ ಗೊತ್ತಿರುವುದಿಲ್ಲ. ಮೂರು ವಾರ ಯಾರೂ ಹೊಟ್ಟೆ ಮುಟ್ಟಿ ನೋಡಿರುವುದಿಲ್ಲ. ಕೊನೆಗೆ ಬೇನೆ ಬಂದ ಮೇಲೆ ನಮ್ಮ ಬಾಗಿಲಿಗೆ ಬರುತ್ತಾಳೆ, ಕೈಯಲ್ಲಿ ಎಂಟನೇ ತಿಂಗಳ ರಿಪೋರ್ಟು. ಅದರಲ್ಲಿ ಏನೇ ಬರೆದಿರಲಿ, ಆ ಹೊತ್ತಿಗೆ ಅದು ಹಳೆಯ ಸುದ್ದಿ.

ಅದಕ್ಕೆ ಈಗ ನಾವೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಏಳನೇ ತಿಂಗಳಲ್ಲಿ ಬಂದಾಗಲೇ ಎರಡು ಪ್ರಶ್ನೆ: ಕುಬಸ ಯಾವಾಗ, ತವರು ಯಾವೂರು? ತಾಯಿ ಕಾರ್ಡಿನ ಮೇಲೆ 36ನೇ ವಾರ ಬೀಳುವ ತಾರೀಖನ್ನು ದೊಡ್ಡದಾಗಿ ಬರೆಯುತ್ತೇವೆ. ಇಲ್ಲಿಂದ ಹೋಗುವವಳಾದರೆ ಆ ಊರಿನ ಆಶಾಗೆ ಫೋನು ಹೋಗುತ್ತದೆ. ಇಲ್ಲಿಗೆ ಬಂದವಳಾದರೆ, ಕುಬಸದ ಊಟ ಮುಗಿದ ಮರುದಿನವೇ ಕರೆಸುತ್ತೇವೆ. ಕೈತುಂಬ ಹಸಿರು ಬಳೆ ಹಾಕಿಕೊಂಡು ಬರುತ್ತಾರೆ, ರಕ್ತದೊತ್ತಡದ ಪಟ್ಟಿ ಕಟ್ಟುವಾಗ ಬಳೆ ಮೇಲೆ ಸರಿಸುವುದೇ ಒಂದು ಕೆಲಸ.

ವಾರ ಲೆಕ್ಕ ಹಾಕುವುದೂ ಸುಲಭ ಅಲ್ಲ. ಕೊನೆಯ ಮುಟ್ಟಿನ ತಾರೀಖು ಕೇಳಿದರೆ “ಎಳ್ಳಮಾಸಿ ಆದ ಮ್ಯಾಲೆ ಬಂದಿತ್ರಿ” ಅನ್ನುತ್ತಾರೆ. ಮೇಜಿನ ಗಾಜಿನ ಕೆಳಗೆ ಕ್ಯಾಲೆಂಡರು ಇಟ್ಟುಕೊಂಡಿದ್ದೇನೆ, ಹುಣ್ಣಿಮೆ ಅಮಾಸಿ ಹಿಡಿದು ಹಿಂದಕ್ಕೆ ಎಣಿಸುತ್ತೇವೆ. ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಇದ್ದರೆ ಅದರ ಲೆಕ್ಕವೇ ಹೆಚ್ಚು ನಂಬಿಕೆಯದು, ಯಾಕೆಂದರೆ ಆಗ ಎಲ್ಲ ಕೂಸುಗಳೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಒಂಬತ್ತರಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಹೇಳುವ ವಾರ ಎರಡು ಮೂರು ವಾರ ಆಚೀಚೆ ಆಗಬಹುದು.

36ರಲ್ಲಿ ಬ್ರೀಚ್ ಸಿಕ್ಕರೆ ಮಾಡುವುದೇನು? ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ಗದಗಿನ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೋ ಚೀಟಿ ಬರೆದು ತಜ್ಞರ ಹತ್ತಿರ ಕಳಿಸುತ್ತೇವೆ. ಅಲ್ಲಿ ಮೊದಲು ಸ್ಕ್ಯಾನಿಂಗ್. ಮಾಸು ಎಲ್ಲಿದೆ, ನೀರು ಎಷ್ಟಿದೆ, ಕಾಲು ಹೇಗಿವೆ ನೋಡುತ್ತಾರೆ. ಕೆಲವು ಕೂಸುಗಳು ಕಾಲು ನೇರ ಮಾಡಿ ಪಾದ ಮುಖದ ಹತ್ತಿರ ಇಟ್ಟುಕೊಂಡಿರುತ್ತವೆ, ಕೆಲವು ಚಕ್ಕಳಮಕ್ಕಳ ಹಾಕಿರುತ್ತವೆ, ಕೆಲವು ಒಂದು ಪಾದ ಕೆಳಗೆ ಇಳಿಬಿಟ್ಟಿರುತ್ತವೆ. ಕೊನೆಯದೇ ಹೆಚ್ಚು ಭಯದ್ದು. ಎಲ್ಲ ಸರಿ ಇದ್ದರೆ ಹೊರಗಿನಿಂದ ಕೈಯಲ್ಲೇ ಕೂಸನ್ನು ಹೊರಳಿಸುವ ಒಂದು ವಿಧಾನ ಇದೆ. ಚೊಚ್ಚಲಿಗೆ 36ರಿಂದ, ಮೊದಲೇ ಹೆತ್ತವರಿಗೆ 37ರಿಂದ ಪ್ರಯತ್ನಿಸುತ್ತಾರೆ. ಸುಮಾರು ಅರ್ಧದಷ್ಟು ಸಲ ಕೂಸು ಹೊರಳುತ್ತದೆ, ಹೆತ್ತವರಲ್ಲಿ ಇನ್ನೂ ಜಾಸ್ತಿ. ಎಲ್ಲ ವೈದ್ಯರೂ ಮಾಡುವುದಿಲ್ಲ, ಎಲ್ಲ ತಾಯಂದಿರಿಗೂ ಆಗುವುದಿಲ್ಲ. ಆದರೆ ಕೇಳಿ ನೋಡುವ ಹಕ್ಕು ಅವಳಿಗಿದೆ. ಹೀಗೊಂದು ಇದೆ ಅಂತ ಅವಳಿಗೆ ಹೇಳಿ ಕಳಿಸುವುದು ನಮ್ಮ ಕೆಲಸ ಅಂತ ನಾನು ನಂಬುತ್ತೇನೆ.

ಇಲ್ಲಿ ಯಾರಾದರೂ ಒಬ್ಬ ಅತ್ತೆ ಕೇಳಿಯೇ ಕೇಳುತ್ತಾರೆ: “ಅದನ್ನ ನಮ್ಮೂರ ಆಯಿನೂ ಎಣ್ಣಿ ಹಚ್ಚಿ ತಿಕ್ಕಿ ಮಾಡ್ತಾಳಲ್ರಿ?” ನೋಡಲು ಒಂದೇ ಥರ, ನಿಜ. ಆಸ್ಪತ್ರೆಯಲ್ಲಿ ಗರ್ಭಕೋಶ ಸಡಿಲ ಆಗಲು ಔಷಧ ಕೊಟ್ಟಿರುತ್ತಾರೆ. ಸ್ಕ್ಯಾನಿಂಗಿನಲ್ಲಿ ಕೂಸನ್ನು ನೋಡುತ್ತಾ ಕೈ ಸರಿಸುತ್ತಾರೆ. ಮೊದಲು, ನಂತರ ಎದೆಬಡಿತ ನೋಡುತ್ತಾರೆ. ತಾಯಿಯ ರಕ್ತ ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಏನಾದರೂ ಎಡವಟ್ಟಾದರೆ ಆಪರೇಷನ್ ಕೋಣೆ ಪಕ್ಕದಲ್ಲೇ ಸಿದ್ಧ ಇರುತ್ತದೆ. ಮನೆಯಲ್ಲಿ ಹೊಟ್ಟೆ ತಿಕ್ಕಿ ಒತ್ತಿದಾಗ ಮಾಸು ಗೋಡೆಯಿಂದ ಬಿಟ್ಟುಕೊಂಡರೆ ರಕ್ತ ಒಳಗೇ ಹರಿಯುತ್ತದೆ, ಹೊರಗೆ ಕಾಣದೆಯೂ ಇರಬಹುದು. ಬೆನ್ನಿಗೆ, ಕಾಲಿಗೆ ಎಣ್ಣೆ ಹಚ್ಚಿ, ನಾನು ಬೇಡ ಅನ್ನುವುದಿಲ್ಲ. ಹೊಟ್ಟೆಯನ್ನು ಮಾತ್ರ ಯಾರೂ ಒತ್ತಬಾರದು.

ಹೊರಳದಿದ್ದರೆ ಈಗ ಹೆಚ್ಚಾಗಿ ಸಿಜರಿನ್ ಮಾಡುತ್ತಾರೆ. 2000ದಲ್ಲಿ 26 ದೇಶಗಳ 121 ಆಸ್ಪತ್ರೆಗಳ ಒಂದು ದೊಡ್ಡ ಅಧ್ಯಯನ ಬಂದ ಮೇಲೆ ಜಗತ್ತಿನಲ್ಲೆಲ್ಲ ಈ ರೂಢಿ ಗಟ್ಟಿಯಾಯಿತು. ಆ ಅಧ್ಯಯನದ ಮೇಲೆ ಆಮೇಲೆ ಬಹಳ ಟೀಕೆಯೂ ಬಂತು. ನುರಿತ ಕೈ ಇದ್ದಲ್ಲಿ, ಆಯ್ದ ತಾಯಂದಿರಿಗೆ ಬ್ರೀಚ್ ಹೆರಿಗೆ ನಾರ್ಮಲ್ ಆಗಿಯೇ ಮಾಡಿಸುವವರು ಈಗಲೂ ಇದ್ದಾರೆ. ಆದರೆ ಆ ಕೈಗಳು ಕಡಿಮೆಯಾಗುತ್ತಿವೆ. ನಮ್ಮಂಥ ಸಣ್ಣ ಕೇಂದ್ರದಲ್ಲಿ ಅದನ್ನು ಬೇಕೆಂದೇ ಕೈಗೆತ್ತಿಕೊಳ್ಳುವ ಮಾತಿಲ್ಲ.

ಬ್ರೀಚ್‌ಗಿಂತ ನನಗೆ ಹೆಚ್ಚು ಹೆದರಿಕೆ ಅಡ್ಡ ಕೂಸಿನದ್ದು. ಹೆಚ್ಚು ಹೆತ್ತವರಲ್ಲಿ ಹೊಟ್ಟೆಯ ಸ್ನಾಯು ಸಡಿಲ ಆಗಿರುತ್ತದೆ, ಕೂಸಿಗೆ ಕೊನೆಯವರೆಗೂ ಹೊರಳಲು ಜಾಗ. ಗಜೇಂದ್ರಗಡದ ಕಡೆಯ ತಾಂಡಾದಿಂದ ಒಬ್ಬಳು ನಾಲ್ಕನೆಯ ಬಸಿರಿಗೆ ಬರುತ್ತಿದ್ದಳು. 37 ದಾಟಿತ್ತು. ಒಂದು ವಾರ ನೋಡಿದರೆ ಅಡ್ಡ, ಮುಂದಿನ ವಾರ ತಲೆ ಕೆಳಗೆ, ಮತ್ತೆ ಅಡ್ಡ. “ಇದಕ್ಕ ಒಂದ ಕಡಿ ನಿಂದ್ರಾಕ ಬರಂಗಿಲ್ಲ ನೋಡ್ರಿ” ಅಂತ ಅವಳೇ ನಗುತ್ತಿದ್ದಳು. ಮೂರು ಸಲ ಸಲೀಸಾಗಿ ಹೆತ್ತವಳು, ಅವಳಿಗೆ ಭಯವೇ ಇಲ್ಲ. ಅಂಥವರನ್ನು ಬೇನೆ ಬರುವ ಮೊದಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಮನೆಯಲ್ಲಿ ಮೂರು ಮಕ್ಕಳು, ಎಮ್ಮೆ, ಕೂಲಿ. ಆಸ್ಪತ್ರೆಯಲ್ಲಿ ಸುಮ್ನೆ ಮಲಗಿಸುತ್ತಾರೆ ಅಂತ ಅವಳ ದೂರು. ಅವಳ ಗಂಡನನ್ನು ಕೂರಿಸಿಕೊಂಡು ಒಂದೇ ವಿಷಯ ವಿವರಿಸಿದೆ: ತಲೆ ಕೆಳಗಿದ್ದರೆ ಅದೇ ಬಿರಡೆಯ ಕೆಲಸ ಮಾಡುತ್ತದೆ. ಅಡ್ಡ ಇದ್ದಾಗ ನೀರು ಒಡೆದರೆ ದಾರಿ ಖಾಲಿ, ನೀರಿನ ಜೊತೆ ಹೊಕ್ಕುಳಬಳ್ಳಿ ಜಾರಿ ಹೊರಗೆ ಬರಬಹುದು, ಬಳ್ಳಿ ಒತ್ತಿಕೊಂಡರೆ ಕೂಸಿಗೆ ಉಸಿರಿಲ್ಲ. ತಾಂಡಾದಿಂದ ಗದಗಿಗೆ ಇರುವ ದಾರಿಗೆ ಅಷ್ಟು ಸಮಯ ಸಿಗುವುದಿಲ್ಲ. ಅವನು ಎಮ್ಮೆಯ ಜವಾಬ್ದಾರಿ ತಮ್ಮನಿಗೆ ಒಪ್ಪಿಸಿ ಮರುದಿನ ಕರೆದುಕೊಂಡು ಹೋದ. ಅಲ್ಲಿ ಮಲಗಿದ್ದಾಗಲೇ ಕೂಸು ಮತ್ತೆ ತಲೆ ಕೆಳಗೆ ಮಾಡಿತು, ಹೆರಿಗೆ ನಾರ್ಮಲ್ ಆಯಿತು.

ಇದನ್ನು ಓದುವವರ ಮನೆಯಲ್ಲಿ ಬಸುರಿ ಇದ್ದರೆ ಇದೊಂದು ಗೊತ್ತಿರಲಿ. ನೀರು ಹೋದ ಮೇಲೆ ಬಳ್ಳಿ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಬೇಡಿ, ಹಿಡಿದು ನೋಡಬೇಡಿ. ಅವಳನ್ನು ಮೊಣಕಾಲೂರಿ, ಎದೆ ನೆಲಕ್ಕೆ ತಾಗುವಂತೆ, ಕುಂಡೆ ಎತ್ತರಕ್ಕೆ ಮಾಡಿಸಿ 108ಕ್ಕೆ ಕರೆ ಮಾಡಿ. ಗಾಡಿಯಲ್ಲಿ ಎಡಮಗ್ಗುಲಿಗೆ ಮಲಗಿಸಿ ಸೊಂಟದ ಕೆಳಗೆ ದಿಂಬು ಕೊಡಿ. ನಡೆಸಬೇಡಿ.

ತಲೆ ಕೆಳಗೆ ಬಂತು ಅಂದಮೇಲೂ ಕೂಸಿನ ತಿರುಗಾಟ ಮುಗಿಯುವುದಿಲ್ಲ. ಕೆಲವು ತಮ್ಮ ಬೆನ್ನನ್ನು ತಾಯಿಯ ಬೆನ್ನಿಗೆ ಹಚ್ಚಿಕೊಂಡು ಕೂತಿರುತ್ತವೆ. ಅಂಥ ಹೊಟ್ಟೆ ನೋಡಿದರೆ ಹೊಕ್ಕುಳಿನ ಹತ್ತಿರ ತಗ್ಗು ಕಾಣುತ್ತದೆ, ಕೈಯಿಟ್ಟರೆ ಮುಂದೆಲ್ಲ ಕೈಕಾಲೇ ಸಿಗುತ್ತವೆ. ಆ ತಾಯಿಗೆ ಬೇನೆ ಹೊಟ್ಟೆಗಿಂತ ಸೊಂಟದಲ್ಲಿ ಜಾಸ್ತಿ, ಹೆರಿಗೆ ನಿಧಾನ. ಅವಳಿಗೆ ಅಂಗಾತ ಮಲಗು ಅನ್ನುವುದು ಶಿಕ್ಷೆ ಕೊಟ್ಟಂತೆ. ನಡೆಯಲಿ, ಮಂಚ ಹಿಡಿದು ಬಾಗಿ ನಿಲ್ಲಲಿ, ಮೊಣಕಾಲು ಕೈ ಊರಿ ಇರಲಿ. ಹಾಗೆ ಇದ್ದರೆ ಕೂಸು ತಿರುಗಿಯೇ ತಿರುಗುತ್ತದೆ ಅಂತ ನಾನು ಹೇಳುವುದಿಲ್ಲ, ಸೊಂಟದ ನೋವಂತೂ ಕಡಿಮೆಯಾಗುತ್ತದೆ. ಇಂಥ ಕೂಸುಗಳಲ್ಲಿ ಹೆಚ್ಚಿನವು ಬೇನೆ ನಡೆಯುತ್ತಿರುವಾಗಲೇ ತಾವಾಗಿ ತಿರುಗುತ್ತವೆ.

ಹೊರಗೆ ಬರುವಾಗಲೂ ಅಷ್ಟೇ. ಸಾಮಾನ್ಯವಾಗಿ ತಲೆ ಒಳಗೆ ಇಳಿಯುವಾಗ ಕೂಸು ಪಕ್ಕಕ್ಕೆ ನೋಡುತ್ತಿರುತ್ತದೆ, ಯಾಕೆಂದರೆ ತಾಯಿಯ ಸೊಂಟದ ಎಲುಬಿನ ಬಾಗಿಲು ಅಲ್ಲಿ ಅಡ್ಡಕ್ಕೆ ಅಗಲ. ಕೆಳಗೆ ಬಂದಂತೆ ದಾರಿ ಹಿಂದೆ ಮುಂದೆ ಅಗಲ, ಆಗ ತಾಯಿಯ ಬೆನ್ನ ಕಡೆ ಮುಖ ತಿರುಗಿಸುತ್ತದೆ. ತಲೆ ಹೊರಬಂದ ಕೂಡಲೇ ಹೊಸ ಹುಡುಗಿಯರಿಗೆ ಎಳೆಯುವ ಆತುರ. ನಾನು ಅವರ ಕೈ ಮೇಲೆ ಕೈಯಿಟ್ಟು ತಡೆಯುತ್ತೇನೆ. ಕೊರಳಲ್ಲಿ ಬಳ್ಳಿ ಇದೆಯಾ ನೋಡು, ಮುಂದಿನ ಬೇನೆವರೆಗೆ ಕಾಯಿ. ಕಾದರೆ ತಲೆ ಅಂಗೈಯಲ್ಲೇ ತಾನಾಗಿ ತಾಯಿಯ ತೊಡೆಯ ಕಡೆ ಹೊರಳುತ್ತದೆ. ಒಳಗೆ ಭುಜ ತಿರುಗಿದ್ದರ ಗುರುತು ಅದು. ಭುಜ ತಿರುಗಿದ ಮೇಲೆ ಕೆಲಸ ಸುಲಭ.

ಬ್ರೀಚ್ ಆಗಿದ್ದ ಕೂಸನ್ನು ಮನೆಗೆ ತಂದ ಮೇಲೂ ಸ್ವಲ್ಪ ಗಮನ ಬೇಕು. ಕೆಲವು ದಿನ ಅದು ಒಳಗಿದ್ದ ಹಾಗೆಯೇ ಕಾಲು ಮೇಲೆತ್ತಿಕೊಂಡೇ ಮಲಗುತ್ತದೆ, ಅದಕ್ಕೆ ಗಾಬರಿ ಬೇಡ, ತಾನೇ ಸರಿಹೋಗುತ್ತದೆ. ಆದರೆ ಬ್ರೀಚ್ ಕೂಸುಗಳಲ್ಲಿ ಸೊಂಟದ ಕೀಲು ಸಡಿಲ ಇರುವುದು ಉಳಿದವಕ್ಕಿಂತ ಹೆಚ್ಚು. ಸಿಜರಿನ್ ಆಗಿದ್ದರೂ, ಒಂಬತ್ತರಲ್ಲಿ ಹೊರಳಿಸಿದ್ದರೂ ಮಕ್ಕಳ ಡಾಕ್ಟರಿಗೆ ಕೊನೆಯ ತಿಂಗಳಲ್ಲಿ ಬ್ರೀಚ್ ಇತ್ತು ಅಂತ ಹೇಳಿ, ಆರು ವಾರದ ಹೊತ್ತಿಗೆ ಸೊಂಟದ ಸ್ಕ್ಯಾನಿಂಗ್ ಬೇಕಾ ಅಂತ ಕೇಳಿ. ಎರೆದ ಮೇಲೆ ಕೂಸಿನ ಎರಡೂ ಕಾಲು ಜೋಡಿಸಿ, ನೆಟ್ಟಗೆ ಮಾಡಿ, ಬಿಗಿಯಾಗಿ ಸುತ್ತುವ ರೂಢಿ ನಮ್ಮಲ್ಲಿದೆ ಅಲ್ವಾ, ಅದು ಬೇಡ. ಎದೆಯ ಮೇಲೆ ಬಟ್ಟೆ ಸುತ್ತಿ, ಕಾಲು ಕಪ್ಪೆಯ ಹಾಗೆ ಅಗಲ ಮಾಡಿಕೊಂಡು ಆಡಲು ಕೆಳಗೆ ಸಡಿಲ ಬಿಡಿ. ತೊಟ್ಟಿಲಿಗೆ ಹಾಕುವಾಗಲೂ ಹಾಗೆಯೇ.